ಮಾರ್ದನಿಯ ಡಬ್ಬಿ

ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುತ್ತಾನೆಂದರೆ ಅದರ ವಿಷಯವನ್ನು ಓದುಗರು ಮೊದಲೇ ಊಹಿಸಿಬಿಡುತ್ತಾರೆ. ಒಂದೋ ತಾನು ಕಂಡ ಹಂಪೆಯ ವಿಷಯ, ಇಲ್ಲವೇ ವಿದ್ಯಾರ್ಥಿ ಜೀವನದಲ್ಲಿ ಶಿಸ್ತಿನ ವಿಷಯ, ಅದೂ ಇಲ್ಲದಿದ್ದರೆ ವಸತಿಗೃಹದ ಸಾರಿನ ವಿಷಯ. ಈ ಮೂರನೆಯದರ ಬಗೆಗೆ ನನ್ನಲ್ಲಿ ಬೇಕಾದಷ್ಟು ಸಾಮಗ್ರಿ ಉಂಟು. ಆದರೂ ಅದನ್ನು ಮುಂದಿನ ವರ್ಷದವರಿಗೆ ಬಿಟ್ಟುಕೊಟ್ಟು, ನಾನೇ ನನ್ನ ಕೈಯಿಂದ ಮಾಡಿದ ಒಂದು ಡಬ್ಬಿಯ ಕತೆಯನ್ನು ಹೇಳಹೊರಟಿದ್ದೇನೆ. ಅದು ವಿದ್ಯುತ್ ಗಿಟಾರಿನ ನಾದವನ್ನು ಒಳಗೆ ತೆಗೆದುಕೊಂಡು, ಕ್ಷಣಹೊತ್ತು ತಡೆದಿಟ್ಟುಕೊಂಡು, ಮತ್ತೆ ಮತ್ತೆ ಹಿಂದಕ್ಕೆ ಕೊಡುವ ಡಬ್ಬಿ. ಬಲ್ಲವರು ಅದನ್ನು ಡಿಲೇ ಪೆಡಲ್ ಎನ್ನುತ್ತಾರೆ. ನಮ್ಮ ಅಪ್ಪ ಅದನ್ನು 'ಗುಮ್ಮಟದ ಡಬ್ಬಿ' ಎನ್ನುತ್ತಾನೆ. ಹಾಗೇಕೆ ಅನ್ನುತ್ತಾನೆಂಬುದು ಮುಂದೆ ತಿಳಿಯುವುದು.

ಚರಿತ್ರೆ, ಸಮಾಜಶಾಸ್ತ್ರ, ಕನ್ನಡ ಓದುವ ಹುಡುಗನಿಗೆ ಬೆಸುಗೆಕೋಲಿನ ಸಹವಾಸವೇತಕ್ಕೆ ಎಂದು ಗುರುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹತ್ತನೆಯ ತರಗತಿ ಮುಗಿದಾಗ ನನಗೆ ವಿಜ್ಞಾನ ಓದುವ ಆಸೆಯಿದ್ದಿತು. ಆದರೆ ವಿಜ್ಞಾನವೆಂದರೆ ಟ್ಯೂಶನ್ನು, ಟ್ಯೂಶನ್ನೆಂದರೆ ರೊಕ್ಕ, ರೊಕ್ಕವೆಂದರೆ ಅಪ್ಪನ ಬೆನ್ನು. ಅಪ್ಪ ಗೌಂಡಿ ಕೆಲಸದವನು, ಅಕ್ಷರ ಕಲಿತವನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹೀಗಾಗಿ ಕಲಾ ವಿಭಾಗಕ್ಕೆ ಬಂದೆನು. ಬಂದುದಕ್ಕೆ ಈಗ ಪಶ್ಚಾತ್ತಾಪವಿಲ್ಲ. ಆದರೆ ಮೂಲೆಗೆ ಬಿದ್ದ ಆಸೆ ಸತ್ತಿರುವುದಿಲ್ಲ. ಸಂಧಿ ಸಿಕ್ಕಾಗ ತಲೆಯೆತ್ತುತ್ತದೆ.

ನಾನು ಮೊಟ್ಟಮೊದಲು ಮಾರ್ದನಿಯನ್ನು ಕೇಳಿದ್ದು ವಿಜಯಪುರದ ಗೋಳಗುಮ್ಮಟದಲ್ಲಿ. ನಮ್ಮೂರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದೂವರೆ ತಾಸಿನ ಹಾದಿ. ನನಗಾಗ ಏಳು ವರ್ಷವಿದ್ದಿರಬೇಕು. ಅಪ್ಪ ಯಾವುದೋ ಕೆಲಸದ ಬಾಕಿ ಪಗಾರ ಇಸಿದುಕೊಳ್ಳಲು ಹೋದವನು ನನ್ನನ್ನೂ ಕರೆದುಕೊಂಡು ಹೋಗಿದ್ದನು. ಮೂಲೆಯ ಗೋಪುರದ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿ, ಗುಮ್ಮಟದ ಒಳಸುತ್ತಿನ ಪಡಸಾಲೆಗೆ ಬಂದಾಗ ನನಗೆ ಉಸಿರೇ ಇರಲಿಲ್ಲ. ಅಪ್ಪ ಆಚೆಯ ಬದಿಗೆ ಹೋಗಿ ನಿಂತು ಕೈ ಮಾಡಿದನು. ಹೆದರಿಕೆಯಿಂದ ನಾನು 'ಅಪ್ಪಾ' ಎಂದು ಕೂಗಿದೆನು. ಒಮ್ಮೆ ಕೂಗಿದ್ದು ಏಳೆಂಟು ಸಲ ಕೇಳಿಸಿತು. ಅಪ್ಪ ಸುತ್ತಿಕೊಂಡು ಬಂದು ನಕ್ಕು, "ಹಡದಾಂವ ನಾ ಒಬ್ಬನ, ಕರಿಯಾವ್ರು ಏಳ ಮಂದಿ ಆದ್ರಲ್ಲೋ ತಮ್ಮಾ" ಎಂದನು. ಅನಂತರ ಮೇಲೆ ನೋಡಿ, ನಡುವೆ ಒಂದು ಕಂಬವೂ ಇಲ್ಲದೆ ಇದನ್ನು ನಿಲ್ಲಿಸಿದವರು ಎಂಥ ಗೌಂಡಿಗಳಿದ್ದಾರು ಎಂದು ಬಹಳ ಹೊತ್ತು ಸುಮ್ಮನೆ ನಿಂತನು.

ಮುಂದೆ ಕಾಲೇಜಿನಲ್ಲಿ ಓದುವಾಗ ಆ ಗುಮ್ಮಟ ಮುಹಮ್ಮದ ಆದಿಲಶಾಹನ ಗೋರಿಯೆಂದೂ, 1656ರಲ್ಲಿ ಮುಗಿಯಿತೆಂದೂ, ಅದರ ಒಳವ್ಯಾಸ ಸುಮಾರು 38 ಮೀಟರ್ ಎಂದೂ ತಿಳಿದುಕೊಂಡೆನು. ಗಾಳಿಯಲ್ಲಿ ಸಪ್ಪಳವು ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುತ್ತದೆ. ಅಂದಮೇಲೆ ಈ ಗೋಡೆಯಿಂದ ಹೊರಟ ಕೂಗು ಆ ಗೋಡೆಗೆ ತಾಕಿ ಹಿಂದಿರುಗಲು ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಕಾಲ ಬೇಕು. ಅಪ್ಪನನ್ನು ಏಳು ಸಲ ಕರೆದ ಆ ಏಳು ಮಂದಿ ಎಲ್ಲಿಂದ ಬಂದರೆಂಬ ಒಗಟು ಒಂದು ಭಾಗಾಕಾರದಿಂದ ಬಿಡಿಸಿಹೋಯಿತು. ಬಿಡಿಸಿದ ಮೇಲೂ ಅದರ ಸೊಗಸು ಕಡಿಮೆಯಾಗಲಿಲ್ಲ.

ಎರಡನೆಯ ಮಾರ್ದನಿ ನಮ್ಮೂರ ಮೈಕಸೆಟ್ಟಿನದು. ಮೈಕಸೆಟ್ಟಿನ ಕಾಕಾ ಎಂದು ನಾವು ಕರೆಯುವ ಒಬ್ಬ ಹಿರಿಯರಿದ್ದಾರೆ. ಜಾತ್ರೆ, ಮದುವೆ, ಬಯಲಾಟ ಯಾವುದಿದ್ದರೂ ಅವರ ಪೆಟ್ಟಿಗೆ ಬರಲೇಬೇಕು. ಅವರ ಪೆಟ್ಟಿಗೆಯಲ್ಲಿ 'ಎಕೋ' ಎಂಬ ಒಂದು ತಿರುಪು ಇದ್ದಿತು. ದೇಣಿಗೆ ಕೊಟ್ಟವರ ಹೆಸರನ್ನು ಸಾರುವಾಗ ಕಾಕಾ ಅದನ್ನು ಬಲಕ್ಕೆ ತಿರುವುತ್ತಿದ್ದರು. ಐವತ್ತೊಂದು ರೂಪಾಯಿ ಕೊಟ್ಟವನ ಹೆಸರು ಊರ ಗುಡ್ಡದ ತನಕ ಹರಿದಾಡಿಬರುತ್ತಿದ್ದಿತು. ರಜೆಯಲ್ಲಿ ನಾನು ಅವರ ವಾಯರು ಸುತ್ತುವ, ಸ್ಪೀಕರು ಹೊರುವ ಆಳಾಗಿದ್ದೆನು. ಬೆಸುಗೆ ಹಾಕುವುದನ್ನು ಕಲಿತದ್ದು ಅವರಿಂದಲೇ. "ಮೊದಲ ತಂತಿ ಕಾಯಿಸು, ಆಮ್ಯಾಲ ಸೀಸ ಮುಟ್ಟಿಸು. ಸೀಸ ತಾನ ಹರಿದು ಹೋಗಬೇಕು, ನೀ ಬಡದು ಕೂಡಿಸಬ್ಯಾಡ" ಎಂಬುದು ಅವರ ಪಾಠ. ಯಾವ ಪಠ್ಯಪುಸ್ತಕದಲ್ಲಿಯೂ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಇನ್ನು ಗಿಟಾರಿನ ಸಂಗತಿ. ಎರಡನೆಯ ವರ್ಷದಲ್ಲಿ ನನ್ನ ಕೋಣೆಯ ಗೆಳೆಯನೊಬ್ಬನು ಓದು ಬಿಟ್ಟು ಕೆಲಸಕ್ಕೆಂದು ಪುಣೆಗೆ ಹೋದನು. ಹೋಗುವಾಗ ತನ್ನ ಹಳೆಯ ವಿದ್ಯುತ್ ಗಿಟಾರನ್ನು ನನಗೆ ಒಪ್ಪಿಸಿ, "ಇಟ್ಟುಕೋ, ಬಂದಾಗ ಕೇಳುತ್ತೇನೆ" ಎಂದನು. ಇನ್ನೂ ಬಂದಿಲ್ಲ. ಬೆರಳ ತುದಿ ಬಿರಿಯುವವರೆಗೆ ನುಡಿಸಿ ನುಡಿಸಿ ನಾಲ್ಕು ಭಾವಗೀತೆಗಳ ಧಾಟಿಯನ್ನು ಕೂಡಿಸಿಕೊಂಡೆನು. ಆದರೆ ಅದರ ನಾದ ಒಣ ರೊಟ್ಟಿಯಂತೆ. ಮೀಟಿದೊಡನೆ ಕೇಳಿಸಿ, ಕೇಳಿಸಿದೊಡನೆ ಮುಗಿಯುತ್ತಿದ್ದಿತು. ದೊಡ್ಡವರು ನುಡಿಸುವ ಗಿಟಾರಿನಲ್ಲಿ ಸ್ವರದ ಹಿಂದೆ ಸ್ವರವು ನೆರಳಿನಂತೆ ಬರುತ್ತದಲ್ಲ, ಅದು ಹೇಗೆ ಎಂದು ಹುಡುಕುತ್ತ ಹೋದೆನು.

ಹುಡುಕಿದಾಗ ತಿಳಿದ ಕತೆ ಚರಿತ್ರೆಯ ವಿದ್ಯಾರ್ಥಿಗೂ ರುಚಿಸುವಂತಹುದು. ಮೊದಮೊದಲು ಈ ತಡವನ್ನು ಉಂಟುಮಾಡುತ್ತಿದ್ದುದು ಟೇಪಿನಿಂದ. ಟೇಪಿನ ಮೇಲೆ ಧ್ವನಿಯನ್ನು ಬರೆಯುವ ಹೆಡ್ಡು ಒಂದು ಕಡೆ, ಓದುವ ಹೆಡ್ಡು ಅದರ ಮುಂದೆ. ಬರೆದದ್ದು ಓದುವ ಹೆಡ್ಡಿಗೆ ಬಂದು ಮುಟ್ಟುವವರೆಗಿನ ವೇಳೆಯೇ ತಡ. ಟೇಪು ಸೆಕೆಂಡಿಗೆ 15 ಅಂಗುಲ ಓಡುತ್ತಿದ್ದು, ಎರಡರ ನಡುವೆ 2 ಅಂಗುಲವಿದ್ದರೆ, 133 ಮಿಲಿಸೆಕೆಂಡಿನ ಮಾರ್ದನಿ ಸಿಕ್ಕಿತು. ಅಮೆರಿಕೆಯ ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ ಸ್ಯಾಮ್ ಫಿಲಿಪ್ಸ್ ಎಂಬಾತನು 1950ರ ದಶಕದಲ್ಲಿ ಎರಡು ಟೇಪು ಯಂತ್ರಗಳಿಂದ ಇಂತಹ ಮಾರ್ದನಿ ಮಾಡಿ ಹೆಸರು ಪಡೆದನು. ಇಂಗ್ಲೆಂಡಿನ 'ಶ್ಯಾಡೋಸ್' ಮೇಳದ ಹ್ಯಾಂಕ್ ಮಾರ್ವಿನ್ 1960ರಲ್ಲಿ ನುಡಿಸಿದ 'ಅಪಾಚೆ' ಎಂಬ ಗತ್ತಿನಲ್ಲಿಯೂ ಮಾರ್ದನಿ ಯಂತ್ರದ ಕೈವಾಡವಿದೆ. 1974ರಲ್ಲಿ ಜಪಾನಿನ ರೋಲೆಂಡ್ ಕಂಪನಿಯವರು 'ಸ್ಪೇಸ್ ಎಕೋ' ಎಂಬ ಟೇಪಿನ ಪೆಟ್ಟಿಗೆಯನ್ನು ತಂದರು.

ಇದರ ನಡುವೆ 1969ರಲ್ಲಿ ಫಿಲಿಪ್ಸ್ ಕಂಪನಿಯ ಪ್ರಯೋಗಶಾಲೆಯ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬಿಬ್ಬರು ಟೇಪಿಲ್ಲದೆಯೇ ಧ್ವನಿಯನ್ನು ತಡೆಯುವ ಉಪಾಯವನ್ನು ಕಂಡುಹಿಡಿದರು. ಅದರ ಹೆಸರು 'ಬಕೆಟ್ ಬ್ರಿಗೇಡ್'. ಬೆಂಕಿ ಬಿದ್ದ ಮನೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ನೀರಿನ ಬಕೆಟ್ಟು ಸಾಗಿಸುವಂತೆ, ಸಾಲಾಗಿ ಕುಳಿತ ನೂರಾರು ಪುಟ್ಟ ಕೆಪಾಸಿಟರುಗಳು ಧ್ವನಿಯ ತುಣುಕನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ. ಆ ತಡವೇ ನಮಗೆ ಬೇಕಾದದ್ದು.

ಇಂತಹ ಪೆಡಲನ್ನು ಅಂಗಡಿಯಲ್ಲಿ ಕೊಳ್ಳುವುದು ನನ್ನ ಮಟ್ಟಿಗೆ ದೂರದ ಮಾತು. ಆದರೆ ಮನೆಯಲ್ಲಿಯೇ ಮಾಡುವವರು ಪಿಟಿ 2399 ಎಂಬ ಚಿಪ್ಪನ್ನು ಬಳಸುತ್ತಾರೆಂದು ಓದಿದೆನು. ತೈವಾನಿನ ಪ್ರಿನ್ಸ್‌ಟನ್ ಟೆಕ್ನಾಲಜಿ ಕಂಪನಿಯವರು ಮಾಡಿದ, ಹದಿನಾರು ಕಾಲಿನ, ಎರಡು ಸೆಂಟಿಮೀಟರು ಉದ್ದದ ಕರಿಯ ಹುಳು ಅದು. ಕರಾವೋಕೆ ಪೆಟ್ಟಿಗೆಗಳ ಎಕೋಕ್ಕಾಗಿ ಹೆಚ್ಚಾಗಿ ಬಳಕೆಯಾಗುವಂತಹುದು. ಇದನ್ನು ಓದಿದೊಡನೆ ನನಗೆ ಮೈಕಸೆಟ್ಟಿನ ಕಾಕಾ ನೆನಪಾದರು. ಅವರ ಅಟ್ಟದ ಮೇಲೆ ಸುಟ್ಟುಹೋದ ಒಂದು ಕರಾವೋಕೆ ಪೆಟ್ಟಿಗೆ ಬಿದ್ದಿದ್ದಿತು. ಬಿಚ್ಚಿ ನೋಡಿದರೆ ಅದೇ ಹೆಸರಿನ ಹುಳು! "ಒಯ್ಯಪಾ, ಇಲ್ಲಿ ಇಲಿ ಉಚ್ಚಿ ಹೊಯ್ಯೂದಕ್ಕಿಂತ ನೀ ಒಯ್ಯೂದು ಚೊಲೊ" ಎಂದು ಕಾಕಾ ಕೊಟ್ಟುಬಿಟ್ಟರು.

ಚಿಪ್ಪು ಪುಕ್ಕಟೆ ಸಿಕ್ಕಿತು. ಉಳಿದುದಕ್ಕೆ ರೊಕ್ಕ ಬೇಕಷ್ಟೆ. ಬೆಸುಗೆಕೋಲು, ರೆಜಿಸ್ಟರು, ಕೆಪಾಸಿಟರು, ತಿರುಪುಗಳು, ಜ್ಯಾಕುಗಳು, ಕಾಲಿನಿಂದ ಒತ್ತುವ ಸ್ವಿಚ್ಚು, ತಾಮ್ರದ ಪಟ್ಟಿಗಳ ವೆರೋಬೋರ್ಡು ಎಲ್ಲ ಕೂಡಿ 800 ರೂಪಾಯಿಯ ಲೆಕ್ಕವಾಯಿತು. ಇಲ್ಲಿ ನಾನು ಮಾಡಿದ ಕೆಲಸವನ್ನು ಮುಚ್ಚಿಡದೆ ಬರೆಯಬೇಕು. ಅಪ್ಪನಿಗೆ ಫೋನು ಮಾಡಿ, "ಪುಸ್ತಕ ತಗೋಬೇಕಾಗೇದ" ಎಂದೆನು. ಯಾವ ಪುಸ್ತಕವೆಂದು ಅಪ್ಪ ಕೇಳಲಿಲ್ಲ. ಮರುದಿನವೇ ರೊಕ್ಕ ಬಂದಿತು.

ಮುಂದಿನ ತಿಂಗಳು ಊರಿಗೆ ಹೋದಾಗ ಅಪ್ಪ, "ಪುಸ್ತಕ ತಂದೀಯೇನೋ, ತೋರ್ಸು ನೋಡೂಣು" ಎಂದನು. ನನ್ನ ಚೀಲದಲ್ಲಿ ಕಾಲೇಜಿನ ಗ್ರಂಥಾಲಯದ ದಪ್ಪನೆಯ ಚರಿತ್ರೆಯ ಪುಸ್ತಕವೊಂದಿದ್ದಿತು. ಅದನ್ನೇ ತೆಗೆದು ಕೊಟ್ಟೆನು. ಅಪ್ಪ ಎದ್ದು ಹೋಗಿ ಕೈ ತೊಳೆದುಕೊಂಡು, ಅಂಗಿಗೆ ಒರೆಸಿಕೊಂಡು ಬಂದು, ಒಂದೊಂದೇ ಹಾಳೆಯನ್ನು ತಿರುವಿ ನೋಡಿ, ಚಿತ್ರಗಳಿದ್ದಲ್ಲಿ ನಿಂತು, ಮುಚ್ಚಿ ನನ್ನ ಕೈಗೆ ಕೊಟ್ಟನು. ಏನೂ ಅನ್ನಲಿಲ್ಲ. ಆ ರಾತ್ರಿ ನನಗೆ ನಿದ್ದೆ ಚೆನ್ನಾಗಿ ಬರಲಿಲ್ಲ. ಆದರೂ ವಸತಿಗೃಹಕ್ಕೆ ಹಿಂದಿರುಗಿದವನು ಬೆಸುಗೆಕೋಲನ್ನೇ ಕೈಗೆತ್ತಿಕೊಂಡೆನು. ಆಸೆ ಎಂಬುದು ಇಂತಹುದು.

ಯಂತ್ರದ ಒಳಗುಟ್ಟನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಬೇಸರವೆನಿಸಿದವರು ಈ ಭಾಗವನ್ನು ದಾಟಿಕೊಂಡು ಹೋಗಬಹುದು. ಗಿಟಾರಿನ ತಂತಿಯ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ಎಳೆಯ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದು ಬಡವರ ಮನೆಯ ಮಗುವಿನಂತೆ ನಾಚಿಕೆಯದು. ಭಾರ ಬಿದ್ದರೆ ಕುಗ್ಗಿಹೋಗುತ್ತದೆ. ಆದ್ದರಿಂದ ಮೊದಲು ಟಿಎಲ್ 072 ಎಂಬ ಇನ್ನೊಂದು ಚಿಪ್ಪಿನ ಅರ್ಧಭಾಗವು ಹತ್ತು ಲಕ್ಷ ಓಮಿನ ರೆಜಿಸ್ಟರಿನ ಬಾಗಿಲಲ್ಲಿ ಅದನ್ನು ಮೆಲ್ಲನೆ ಬರಮಾಡಿಕೊಳ್ಳುತ್ತದೆ. ಅಲ್ಲಿಂದ ದಾರಿ ಎರಡಾಗುವುದು. ಒಂದು ದಾರಿಯಲ್ಲಿ ಮೂಲ ಸ್ವರವು ನೇರವಾಗಿ ಹೊರಬಾಗಿಲಿಗೆ ಹೋಗುತ್ತದೆ. ಇನ್ನೊಂದರಲ್ಲಿ ಪಿಟಿ 2399ರೊಳಗೆ ಹೊಕ್ಕು, ತಡವಾಗಿ ಬಂದು, ಟಿಎಲ್ 072ರ ಉಳಿದರ್ಧದಲ್ಲಿ ಮೂಲ ಸ್ವರದೊಡನೆ ಕೂಡಿಕೊಳ್ಳುತ್ತದೆ.

ಪಿಟಿ 2399 ಬಕೆಟ್ಟಿನ ಜಾತಿಯದಲ್ಲ, ಅಂಕೆಯ ಜಾತಿಯದು. ಒಳಗೆ ಗಡಿಯಾರವೊಂದು ಮಿಡಿಯುತ್ತಿರುತ್ತದೆ. ಮಿಡಿದಾಗಲೆಲ್ಲ ಧ್ವನಿ ಏರಿತೋ ಇಳಿಯಿತೋ ಎಂದು ನೋಡಿ, ಏರಿದರೆ ಒಂದು, ಇಳಿದರೆ ಸೊನ್ನೆ ಎಂದು ಬರೆದುಕೊಳ್ಳುತ್ತದೆ. ಹಾಗೆ ಬರೆದಿಡಲು ಅದರಲ್ಲಿ ಸುಮಾರು 44 ಸಾವಿರ ಮನೆಗಳುಂಟು. ಮನೆಗಳ ಸಂಖ್ಯೆ ಹೆಚ್ಚಾಗದು, ಕಡಿಮೆಯಾಗದು. ಗಡಿಯಾರವನ್ನು ನಿಧಾನ ಮಾಡಿದರೆ ಮಾತ್ರ ತಡ ಹೆಚ್ಚಾಗುತ್ತದೆ. ಆರನೆಯ ಕಾಲಿನಿಂದ ನೆಲಕ್ಕೆ ಹಾಕಿದ ರೆಜಿಸ್ಟರು ಆ ಗಡಿಯಾರದ ಕಡಿವಾಣ. ಅಲ್ಲಿ 27.6 ಸಾವಿರ ಓಮು ಇದ್ದರೆ 342 ಮಿಲಿಸೆಕೆಂಡು, ಅರ್ಧ ಸಾವಿರ ಓಮು ಇದ್ದರೆ 31 ಮಿಲಿಸೆಕೆಂಡು ತಡವೆಂದು ಕಂಪನಿಯವರು ಕೊಟ್ಟ ಪಟ್ಟಿಯಲ್ಲಿದೆ. 342 ಮಿಲಿಸೆಕೆಂಡೆಂದರೆ 58 ಮೀಟರು ದೂರದ ಗೋಡೆಗೆ ತಾಕಿ ಬಂದ ಕೂಗಿನಷ್ಟು. ಗೋಳಗುಮ್ಮಟದ ಒಳವ್ಯಾಸಕ್ಕಿಂತ ದೂರದ ಗೋಡೆಯೊಂದು ಆ ಕರಿಯ ಹುಳುವಿನೊಳಗೆ ಮಡಿಚಿಕೊಂಡು ಕುಳಿತಿದೆಯೆಂದಾಯಿತು!

ತಡವಾಗಿ ಬಂದ ಧ್ವನಿಯ ಒಂದಂಶವನ್ನು ಮತ್ತೆ ಒಳಬಾಗಿಲಿಗೆ ಕಳುಹಿಸಿದರೆ ಅದು ಮರಳಿ ಸುತ್ತಿ ಬರುತ್ತದೆ. ಪ್ರತಿ ಸುತ್ತಿಗೂ ತುಸು ಕುಗ್ಗುತ್ತ ಕೊನೆಗೆ ಅಡಗುತ್ತದೆ. ಎಷ್ಟಂಶ ಹಿಂದಕ್ಕೆ ಹೋಗಬೇಕೆಂಬುದಕ್ಕೆ ಒಂದು ತಿರುಪು. ಅದನ್ನು ಮಿತಿಮೀರಿ ತಿರುವಿದರೆ ಹೋದದ್ದಕ್ಕಿಂತ ಬಂದದ್ದು ಹೆಚ್ಚಾಗಿ ಯಂತ್ರವು ಊಳಿಡಲಾರಂಭಿಸುತ್ತದೆ.

ಹದಿನೈದು ದಿನ ರಾತ್ರಿ ಕುಳಿತು ಎಲ್ಲವನ್ನೂ ಕೂಡಿಸಿದೆನು. ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ಪಿಟಿ 2399ಕ್ಕೆ ಬೇಕಾದ ಐದು ವೋಲ್ಟನ್ನು ಇಳಿಸಿಕೊಡಲು 78ಎಲ್05 ಎಂಬ ಮೂರು ಕಾಲಿನ ಪುಟ್ಟ ಬಿಡಿಭಾಗವುಂಟು. ಅದರ ಅಣ್ಣ 7805 ಎಂಬುದು. ಅಣ್ಣನನ್ನು ಎದುರಿನಿಂದ ನೋಡಿದರೆ ಎಡಗಾಲು ಒಳಬಾಗಿಲು, ಬಲಗಾಲು ಹೊರಬಾಗಿಲು. ತಮ್ಮನದು ಸರಿಯಾಗಿ ತಿರುಗಾಮುರುಗಾ. ನಾನು ಅಣ್ಣನ ಚಿತ್ರವನ್ನು ನೋಡಿ ತಮ್ಮನನ್ನು ಕೂಡಿಸಿದ್ದೆನು. ಬ್ಯಾಟರಿ ಸಿಕ್ಕಿಸಿದೆ, ಸದ್ದಿಲ್ಲ. ಬೆರಳಿಟ್ಟು ನೋಡಿದರೆ ಪಿಟಿ 2399 ಕಾವಲಿಯಂತೆ ಕಾದಿದ್ದಿತು. ಐದರ ಬದಲು ಸಲ್ಲದಷ್ಟು ವೋಲ್ಟು ಅದರ ಮೈಗೆ ಹೋಗಿದ್ದಿತು. ಆಮೇಲೆ ಎಷ್ಟು ಉಪಚಾರ ಮಾಡಿದರೂ ಅದು ಬಾಯಿ ಬಿಡಲಿಲ್ಲ. ಕಾಕಾನ ಅಟ್ಟದಲ್ಲಿ ಅಂತಹ ಇನ್ನೊಂದು ಪೆಟ್ಟಿಗೆ ಇರಲಿಲ್ಲ.

ಹೊಸ ಚಿಪ್ಪು, ಹೊಸ ಬಿಡಿಭಾಗ, ಬ್ಯಾಟರಿ ಎಂದರೆ ಇನ್ನೂ 300 ರೂಪಾಯಿ. ದೀಪಾವಳಿಯ ರಜೆಗೆ ಊರಿಗೆ ಹೊರಟಾಗ ಬಸ್ಸಿನಲ್ಲಿ ಕುಳಿತು ಎರಡನೆಯ ಪುಸ್ತಕದ ಹೆಸರನ್ನು ಯೋಚಿಸುತ್ತಿದ್ದೆನೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಮನೆಯಲ್ಲಿ ಅಪ್ಪನಿರಲಿಲ್ಲ. ಪಕ್ಕದ ಊರಿನಲ್ಲಿ ಸ್ಲ್ಯಾಬು ಹಾಕುವ ಕೆಲಸವಿದ್ದಿತು. ಅವ್ವ, "ಬುತ್ತಿ ಮರತು ಹೋಗ್ಯಾನ, ಕೊಟ್ಟು ಬಾ" ಎಂದಳು. ಅಲ್ಯೂಮಿನಿಯಮ್ಮಿನ ಹಳೆಯ ಡಬ್ಬಿ. ಮುಚ್ಚಳದ ಮೇಲೆ ಮೊಳೆಯಿಂದ ಕೊರೆದ ಮೂರು ಗೆರೆ. ಕೆಲಸದ ಜಾಗದಲ್ಲಿ ಹತ್ತು ಜನರ ಡಬ್ಬಿಗಳ ನಡುವೆ ತನ್ನದನ್ನು ಗುರುತಿಸಲು ಹೆಸರು ಬರೆಯಲು ಬಾರದ ಅಪ್ಪನು ಮಾಡಿಕೊಂಡ ಗುರುತು ಅದು.

ಹೋದಾಗ ಕೆಲಸ ಭರದಲ್ಲಿ ನಡೆದಿದ್ದಿತು. ಕೆಳಗೆ ಯಂತ್ರವು ಕಾಂಕ್ರೀಟನ್ನು ಕಲಸುತ್ತಿದೆ. ಅಲ್ಲಿಂದ ಏಣಿಯ ಮೇಲೆ, ಅಟ್ಟಣಿಗೆಯ ಮೇಲೆ, ಛತ್ತಿನವರೆಗೆ ಗಂಡಸರೂ ಹೆಂಗಸರೂ ಸಾಲಾಗಿ ನಿಂತಿದ್ದಾರೆ. ತುಂಬಿದ ಬುಟ್ಟಿ ಕೈಯಿಂದ ಕೈಗೆ ಮೇಲೇರುತ್ತದೆ, ಖಾಲಿ ಬುಟ್ಟಿ ಕೆಳಗಿಳಿಯುತ್ತದೆ. ಯಾರೂ ಮಾತಾಡುವುದಿಲ್ಲ; ಮಾತಾಡಿದರೆ ತಾಳ ತಪ್ಪುತ್ತದೆ. ಮೂರನೆಯ ಕೈ ಅಪ್ಪನದು. ನಾನು ಎಷ್ಟೋ ಸಲ ನೋಡಿದ ಕೆಲಸವೇ ಅದು. ಆದರೆ ಅಂದು ನೋಡಿದಾಗ ಪುಸ್ತಕದಲ್ಲಿ ಓದಿದ ಬಕೆಟ್ಟಿನ ಸಾಲು ಕಣ್ಣೆದುರಿಗೆ ನಿಂತಿದ್ದಿತು. ಆ ಸಾಲಿನಲ್ಲಿ ಸಾಗುತ್ತಿದ್ದ ಬುಟ್ಟಿಗಳಲ್ಲಿ ಎಷ್ಟು ಬುಟ್ಟಿಗಳು ಕೂಡಿ ನನ್ನ 800 ರೂಪಾಯಿ ಆಗಿದ್ದವೋ ಎಂಬ ಲೆಕ್ಕವೂ ಅದರೊಡನೆಯೇ ಬಂದಿತು. ಈ ಭಾಗಾಕಾರವನ್ನು ಮಾಡಲು ನನಗೆ ಧೈರ್ಯವಾಗಲಿಲ್ಲ.

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಅಪ್ಪ ಬುತ್ತಿ ಬಿಚ್ಚಿದಾಗ ಹೇಳಿಬಿಟ್ಟೆನು.

"ಅಪ್ಪಾ, ಆವತ್ತ ಎಂಟನೂರ ರೂಪಾಯಿ ಇಸಗೊಂಡಿದ್ನಲ್ಲ, ಅದರಾಗ ಪುಸ್ತಕ ತರಲಿಲ್ಲ."

"ಮತ್ತೇನ ತಂದಿ?"

ಚೀಲದಿಂದ ಬೋರ್ಡನ್ನು ತೆಗೆದು ತೋರಿಸಿದೆನು. ಅಪ್ಪ ಅದನ್ನು ಅತ್ತ ಇತ್ತ ತಿರುವಿದನು.

"ಇದು ಏನ ಮಾಡತೈತಿ?"

"ಈಗ ಏನೂ ಮಾಡೂದಿಲ್ಲ. ಸುಟ್ಟೈತಿ."

ಅಪ್ಪ ರೊಟ್ಟಿ ಮುರಿಯುತ್ತ ಬಹಳ ಹೊತ್ತು ಸುಮ್ಮನಿದ್ದನು. ಬೈದಿದ್ದರೆ ಹಗುರಾಗುತ್ತಿದ್ದೆನು. ಕೊನೆಗೆ, "ಆವತ್ತ ತೋರ್ಸಿದ ಪುಸ್ತಕ ನಿಂದಲ್ಲ ಅಂತ ನನಗ ಗೊತ್ತಿತ್ತು" ಎಂದನು.

"ಹ್ಯಾಂಗ?"

"ಅದರ ಮ್ಯಾಲ ದುಂಡಂದು ಠಸ್ಸೆ ಹೊಡದಿತ್ತಲ್ಲೋ. ಹಂಥಾ ಠಸ್ಸೆ ಇದ್ದದ್ದು ಸರಕಾರದ್ದು. ರೇಶನ್ ಆಫೀಸಿನ್ಯಾಗ ಎಷ್ಟ ಸಲ ನೋಡೇನಿ."

ನನಗೆ ಬಾಯಿ ಬರಲಿಲ್ಲ. ಅಪ್ಪ ನನ್ನ ಮುಖವನ್ನು ನೋಡದೆಯೇ ಮುಂದುವರಿಸಿದನು: "ರೊಕ್ಕ ಹೋಗಲಿ, ತಮ್ಮಾ. ಹೊಸಾ ಕೆಲಸ ಕಲಿಯಾಂವ ನಾಕ ಇಟ್ಟಂಗಿ ಒಡಿತಾನ. ಆದರ ನನಗ ಓದಾಕ ಬರೂದಿಲ್ಲ ಅಂತ ತಿಳದು ಹಂಗ ಹೇಳಿದೆಲ್ಲ, ಅದೊಂದು ನನಗ ಸೇರಲಿಲ್ಲ."

ಇಪ್ಪತ್ತು ವರ್ಷದ ಬಾಳಿನಲ್ಲಿ ಯಾರೂ ನನ್ನನ್ನು ಹೀಗೆ ಹಿಡಿದು ನಿಲ್ಲಿಸಿರಲಿಲ್ಲ. ಆ ಮಾತು ಅವನಲ್ಲಿ ಹುಟ್ಟಿದ್ದು ಪುಸ್ತಕ ತಿರುವಿದ ದಿನ. ನನಗೆ ಕೇಳಿಸಿದ್ದು ಎಷ್ಟೋ ವಾರಗಳ ಮೇಲೆ. ನಾನು ಹೇಳಲೆಂದು ಅವನು ಅಲ್ಲಿಯವರೆಗೆ ಕಾದಿದ್ದನು. ನಾನು ಓದಿದವನು, ಅಪ್ಪ ಓದದವನು ಎಂದು ತಿಳಿದಿದ್ದೆನಲ್ಲ. ಅವನು ನನ್ನನ್ನು ಮೊದಲ ಹಾಳೆಯಲ್ಲಿಯೇ ಓದಿ ಮುಗಿಸಿದ್ದನು.

ಉಳಿದ ನಾಲ್ಕು ದಿನ ನಾನೂ ಆ ಸಾಲಿನಲ್ಲಿ ನಿಂತೆನು. ಮೊದಲನೆಯ ದಿನವೇ ಅಂಗೈ ಬೊಕ್ಕೆಯೆದ್ದು, ಗಿಟಾರು ಕೊಟ್ಟ ಬೆರಳ ನೋವು ನೋವೇ ಅಲ್ಲವೆನಿಸಿತು. ಕೆಲಸಕ್ಕೆ ನಿಂತಾಗ ಒಂದು ಸಂಗತಿ ಗೊತ್ತಾಯಿತು. ಕೈ ನಿಧಾನವಾದರೆ ಬುಟ್ಟಿ ತಡವಾಗಿ ಮೇಲೇರುವುದಷ್ಟೇ ಅಲ್ಲ, ಅಷ್ಟರಲ್ಲಿ ಕಾಂಕ್ರೀಟು ಗಟ್ಟಿಯಾಗತೊಡಗಿ ಕೆಡುತ್ತದೆ. ಪಿಟಿ 2399ರಲ್ಲಿಯೂ ಹೀಗೆಯೇ: ಗಡಿಯಾರವನ್ನು ಬಹಳ ನಿಧಾನ ಮಾಡಿದರೆ ತಡವೇನೋ ಹೆಚ್ಚುತ್ತದೆ, ಆದರೆ ಧ್ವನಿ ಮಸುಕಾಗಿ ಮರಳು ಬೆರೆತಂತಾಗುತ್ತದೆ. ತಡಕ್ಕೂ ಒಂದು ಹದವುಂಟು.

ಪಗಾರದಲ್ಲಿ ಒಂದು ಪಾಲನ್ನು ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಓಣಿಯ ಹುಡುಗನಿಗೆ ಕಳಿಸಿ, ಎಸ್.ಪಿ. ರಸ್ತೆಯ ಅಂಗಡಿಯಿಂದ ಎರಡು ಹೊಸ ಪಿಟಿ 2399 ತರಿಸಿದೆನು. ಒಂದು ಕೂಡಿಸಲು, ಒಂದು ಸುಡಲು ಇರಲಿ ಎಂದು. ಇನ್ನೊಂದು ಪಾಲಿನಿಂದ, ಅಂದು ಅಪ್ಪನಿಗೆ ತೋರಿಸಿದ್ದ ಚರಿತ್ರೆಯ ಪುಸ್ತಕವನ್ನೇ ಕೊಂಡುಕೊಂಡೆನು. ಅದರ ಮೇಲೆ ಯಾವ ಠಸ್ಸೆಯೂ ಇಲ್ಲ.

ಈ ಸಲ ತಮ್ಮನ ಚಿತ್ರವನ್ನು ಮೂರು ಬಾರಿ ನೋಡಿ ಕೂಡಿಸಿದೆನು. ಹಾಡಿತು! ನಿಜವಾಗಿ ಹಾಡಿತು. ಒಂದು ಸ್ವರ ಮೀಟಿದರೆ ಅದರ ಹಿಂದೆ ನಾಲ್ಕೈದು ನೆರಳು. ಆದರೆ ಮರುದಿನ ಬೆಳಿಗ್ಗೆ ಮತ್ತೆ ಮೌನ. ಪುನಃ ಸುಟ್ಟೆನೆಂದು ಎದೆ ಒಡೆಯಿತು. ವಿಚಾರಿಸಿ ನೋಡಿದಾಗ, ಹಿಂದಿನ ರಾತ್ರಿ ತಡದ ತಿರುಪನ್ನು ಸೊನ್ನೆಗೆ ತಂದು ಮಲಗಿದ್ದೆನು. ಆರನೆಯ ಕಾಲಿನಲ್ಲಿ ರೆಜಿಸ್ಟರು ಇಲ್ಲವೆಂಬಂತಿರುವಾಗ ವಿದ್ಯುತ್ತು ಕೊಟ್ಟರೆ ಈ ಚಿಪ್ಪು ಸೆಟೆದುಕೊಂಡು ಬಿಡುತ್ತದಂತೆ. ಬ್ಯಾಟರಿಯನ್ನು ತೆಗೆದು, ತಿರುಪಿನೊಡನೆ ಸಾಲಾಗಿ 2.7 ಸಾವಿರ ಓಮಿನ ಒಂದು ರೆಜಿಸ್ಟರನ್ನು ಕೂಡಿಸಿದೆನು. ಅಂದಿನಿಂದ ಇಂದಿನವರೆಗೆ ಮುನಿಸಿಲ್ಲ. ಅತಿ ಚಿಕ್ಕ ತಡ ಈಗ 60 ಮಿಲಿಸೆಕೆಂಡಿನ ಆಸುಪಾಸು. ಅದರಿಂದ ನಷ್ಟವೇನೂ ಇಲ್ಲ.

ಒಂದೇ ಕೊರತೆ ಉಳಿದಿದ್ದಿತು. ಪ್ಲ್ಯಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಕೂಡಿಸಿದ್ದರಿಂದ ಕೋಣೆಯ ವಾಯರುಗಳ ಗುಂಯ್ಗುಡುವಿಕೆಯೆಲ್ಲ ಅದರೊಳಗೆ ನುಗ್ಗುತ್ತಿದ್ದಿತು. ಸುತ್ತಲೂ ಲೋಹವಿದ್ದು, ಆ ಲೋಹವು ನೆಲದ ತಂತಿಗೆ ಕೂಡಿದ್ದರೆ ಈ ಗದ್ದಲ ತಡೆಯುತ್ತದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಈ ಮಾತನ್ನು ಹೇಳಿದೆನು. ಅಪ್ಪ ಒಳಗೆ ಹೋಗಿ ತನ್ನ ಬುತ್ತಿಯ ಡಬ್ಬಿಯನ್ನು ತಂದು ಮುಂದಿಟ್ಟನು.

"ಇದು ಆದೀತೇನ ನೋಡು."

"ನಿನಗ ಬುತ್ತಿಗೆ?"

"ನಿಮ್ಮವ್ವ ಸ್ಟೀಲಿಂದು ತಂದಾಳ. ಇದು ಸುಮ್ಮನ ಕುಂತೈತಿ."

ತೂತುಗಳನ್ನು ಕೊರೆದವನೂ ಅಪ್ಪನೇ. ಗುತ್ತಿಗೆದಾರರ ಡ್ರಿಲ್ಲನ್ನು ಕೇಳಿ ತಂದು, ಅಳತೆಯ ಟೇಪು ಹಿಡಿದು, ಮೂರು ತಿರುಪುಗಳನ್ನು ಒಂದೇ ಗೆರೆಯಲ್ಲಿ ಕೂಡ್ರಿಸಿದನು. ನಾನು ಅಂದಾಜಿನಿಂದ ಗುರುತು ಮಾಡಿದ್ದನ್ನು ನೋಡಿ, "ನೀ ಬಿ.ಎ. ಮುಗಿಸು, ಇದು ನಿನ್ನ ಕೆಲಸಲ್ಲ" ಎಂದು ಅಳಿಸಿದನು. ಎಲ್ಲವೂ ಕೂಡಿದ ಮೇಲೆ ಮೈಕಸೆಟ್ಟಿನ ಕಾಕಾನ ಮೈಕನ್ನೂ ಪೆಟ್ಟಿಗೆಯನ್ನೂ ತಂದು ಅಂಗಳದಲ್ಲಿಟ್ಟು, ನಡುವೆ ಈ ಡಬ್ಬಿಯನ್ನು ಕೂಡಿಸಿದೆವು. ಗುಂಯ್ಗುಡುವಿಕೆ ಇಲ್ಲ. ಏನು ಹೇಳಬೇಕೆಂದು ತಿಳಿಯದೆ, ಗುಮ್ಮಟದಲ್ಲಿ ಕೂಗಿದ್ದನ್ನೇ ಮೈಕಿನಲ್ಲಿ ಕೂಗಿದೆನು: "ಅಪ್ಪಾ!"

ಅಪ್ಪ ಕಣ್ಣು ಮುಚ್ಚಿ ಬೆರಳು ಮಡಿಚುತ್ತ ಎಣಿಸಿದನು. "ಗುಮ್ಮಟದಾಗ ಏಳ ಆಗಿದ್ದುವು. ಇದರಾಗ ಐದ" ಎಂದನು. ತುಸು ತಡೆದು, "ಇರ್ಲಿ, ಖರ್ಚಿನ ಮಾನದಾಗ ಬರೋಬರಿ ಐತಿ" ಎಂದನು. ತಿರುಪನ್ನು ಸ್ವಲ್ಪ ಹೆಚ್ಚಿಸಿದರೆ ಏಳೂ ಆಗುತ್ತಿದ್ದುವು. ನಾನು ಹೆಚ್ಚಿಸಲಿಲ್ಲ.

ಈ ವರ್ಷದ ಗ್ಯಾದರಿಂಗಿನಲ್ಲಿ ಇದೇ ಡಬ್ಬಿಯೊಡನೆ ನುಡಿಸಿದುದನ್ನು ಗೆಳೆಯರು ಕೇಳಿದ್ದೀರಿ. ಎರಡನೆಯ ಹಾಡಿನ ನಡುವೆ ನನ್ನ ಕಾಲು ತಾಗಿ ತಿರುಪು ಹೆಚ್ಚಾಗಿ, ಯಂತ್ರ ಊಳಿಟ್ಟು, ಮುಂದಿನ ಸಾಲಿನ ಗುರುಗಳು ಕಿವಿ ಮುಚ್ಚಿಕೊಂಡುದನ್ನೂ ನೋಡಿದ್ದೀರಿ. ಅದಕ್ಕಾಗಿ ಈ ಮೂಲಕ ಕ್ಷಮೆ ಬೇಡುತ್ತೇನೆ. ಅಂದು ಕೆಲವರು ಡಬ್ಬಿಯ ಮುಚ್ಚಳದ ಮೇಲಿನ ಮೂರು ಗೆರೆಗಳನ್ನು ಕಂಡು, ಅದು ಯಾವ ಕಂಪನಿಯ ಗುರುತು ಎಂದು ಕೇಳಿದರು. ಆಗ ಗದ್ದಲದಲ್ಲಿ ಉತ್ತರ ಹೇಳಲಾಗಲಿಲ್ಲ. ಆ ಉತ್ತರವೇ ಈ ಲೇಖನ.

ಇದನ್ನು ಮಾಡಿನೋಡುವ ಮನಸ್ಸುಳ್ಳ ಕಿರಿಯರು ಯಾರಾದರೂ ಇದ್ದರೆ, ನಾನು ಬರೆದಿಟ್ಟುಕೊಂಡ ನಕ್ಷೆಯೂ, ಸುಡಲೆಂದು ತರಿಸಿ ಇನ್ನೂ ಸುಡದೆ ಉಳಿದ ಒಂದು ಪಿಟಿ 2399 ಚಿಪ್ಪೂ ನನ್ನಲ್ಲಿವೆ, ಸಂತೋಷದಿಂದ ಕೊಡುತ್ತೇನೆ. 78ಎಲ್05ರ ಕಾಲುಗಳನ್ನು ಮಾತ್ರ ಎರಡು ಸಲ ನೋಡಿಕೊಳ್ಳಿರಿ. ರೊಕ್ಕ ಬೇಕಾದರೆ ಮನೆಯಲ್ಲಿ ಯಾತಕ್ಕೆಂದು ಇದ್ದದ್ದನ್ನು ಇದ್ದಂತೆ ಹೇಳಿ ಕೇಳಿರಿ. ಬರುವುದಾದರೆ ಪರೀಕ್ಷೆ ಮುಗಿದ ಮೇಲೆ ಬನ್ನಿರಿ. ಕೊಂಡ ಪುಸ್ತಕವನ್ನು ನಾನಿನ್ನೂ ಓದಿ ಮುಗಿಸಬೇಕಾಗಿದೆ.